3ಬಿ ಅನ್ನೋ ಎರಡಕ್ಷರ

ಹೋದ ವಾರ ನನ್ನ ಮೊದಲನೇ ಹೆರಿಗೆ ಫೈಲಿನ ಜೆರಾಕ್ಸ್ ಕೈಗೆ ಬಂತು. ನಾಲ್ಕು ವರ್ಷದ ಹಿಂದಿಂದು. ಈಗ ಎರಡನೇ ಸಲ ಬಸುರಿ, ಏಳು ತಿಂಗಳು ತುಂಬಿದೆ, ಈಗ ನೋಡ್ತಿರೋ ಡಾಕ್ಟ್ರು ಮೊದಲನೇ ದಿನಾನೇ "ಹೋದ ಸಲದ ಹೊಲಿಗೆ ಬಗ್ಗೆ ನೋಟ್ಸ್ ಇದ್ರೆ ತಂದುಬಿಡಿ" ಅಂದಿದ್ರು. ನಾನು "ಅದರಲ್ಲೇನಿರತ್ತೆ ಮೇಡಂ, ನಾರ್ಮಲ್ ಡೆಲಿವರಿ, ಸ್ವಲ್ಪ ಜಾಸ್ತಿ ಸ್ಟಿಚ್ ಬಿತ್ತು ಅಷ್ಟೇ" ಅಂದೆ. ಅವರು ಪೆನ್ ಕೆಳಗಿಟ್ಟು, ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋಗಿ ಹೊಲಿಗೆ ಹಾಕಿದ್ರಾ ಅಂತ ಕೇಳಿದ್ರು. ಹೌದು ಅಂದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರಾ ಅಂದ್ರು. ಹೌದು. ಹಾಗಾದ್ರೆ ಖಂಡಿತ ತನ್ನಿ, ಅದು ನಂಗೆ ಬೇಕು ಅಂದ್ರು.

ಮೂರು ಸಲ ಓಡಾಡಿ ತಂದ ಆ ಹಾಳೆಲಿ ಅರ್ಧ ಅಕ್ಷರ ಓದೋಕೇ ಆಗಲ್ಲ. ಆದ್ರೆ ಮಧ್ಯದಲ್ಲಿ ಒಂದು ಕಡೆ ಸುತ್ತು ಹಾಕಿ ಬರೆದಿದ್ದು ಸ್ಪಷ್ಟವಾಗಿತ್ತು, 3ಬಿ. ಅದೇನು ಅಂತ ನಂಗೆ ಅವತ್ತಿನ ತನಕ ಗೊತ್ತಿರ್ಲಿಲ್ಲ. ನನ್ನ ಮೈಗೆ ಆಗಿದ್ದಕ್ಕೆ ಒಂದು ಹೆಸರು ಇತ್ತು, ಅದನ್ನ ಯಾರೋ ಒಬ್ರು ನೋಡಿ, ಅಳೆದು, ಬರೆದಿಟ್ಟಿದ್ರು, ನನಗೊಬ್ಬಳಿಗೆ ಹೇಳಿರ್ಲಿಲ್ಲ.

ನನಗೆ ಹೇಳಿದ್ದು ಬೇರೆ. ಹೆರಿಗೆ ಆದ ಮರುದಿನ ಡ್ರೆಸಿಂಗ್ ನೋಡೋಕೆ ಬಂದ ನರ್ಸ್ ಒಬ್ರು "ನಿಂಗೆ ಸರಿಯಾಗಿ ಮುಕ್ಕೋಕೆ ಬರ್ಲಿಲ್ಲ ಕಣಮ್ಮ, ಅದಕ್ಕೇ ಇಷ್ಟು ಹರಿದಿದೆ" ಅಂದ್ರು. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ಪ್ರೀತಿಯಿಂದಲೇ ತಲೆ ಸವರಿದ್ರು. ಪಕ್ಕದಲ್ಲಿ ಕೂತಿದ್ದ ಅಮ್ಮನೂ "ನಾನೂ ಹಂಗೇ, ನಂಗೂ ಬರ್ಲಿಲ್ಲ" ಅಂತ ಸುಮ್ನಾದ್ಲು. ಆ ಮಾತನ್ನ ನಾನು ನಾಲ್ಕು ವರ್ಷ ಇಟ್ಕೊಂಡಿದೀನಿ. ಕೂರೋವಾಗ ನೋವಾದ್ರೆ ಅದೇ ನೆನಪು. ಮೊದಲ ಮೂರು ತಿಂಗಳು ಗ್ಯಾಸ್ ತಡೆಯೋಕೆ ಆಗ್ತಿರ್ಲಿಲ್ಲ, ಜನರ ಮಧ್ಯೆ ಮಗು ಎತ್ಕೊಂಡು ಎದ್ದು ನಿಂತ್ರೆ ಸಾಕು ಮೈ ನನ್ನ ಮಾತು ಕೇಳ್ತಿರ್ಲಿಲ್ಲ, ಆಗಲೂ ಅದೇ ನೆನಪು, ನಾನು ಸರಿಯಾಗಿ ಮಾಡಲಿಲ್ಲ, ಅದಕ್ಕೆ ಇದು. ಯಾರಿಗೂ ಹೇಳಲಿಲ್ಲ. ನಮ್ಮನೆಯವರಿಗೂ ಹೇಳಲಿಲ್ಲ.

ಹಾಗಾಗಿ ಆ ಹಾಳೆ ಸಿಕ್ಕ ರಾತ್ರಿಯಿಂದ ಕೂತು ಓದ್ತಾ ಇದೀನಿ. ಡಾಕ್ಟ್ರ ಹತ್ರ ಕೇಳಿದ್ದು, ಓದಿದ್ದು, ನನಗೆ ಅರ್ಥ ಆದಷ್ಟು ಇಲ್ಲಿ ಬರೀತೀನಿ. ನಾನು ಡಾಕ್ಟರ್ ಅಲ್ಲ, ಹರಿದು ಹೊಲಿಸಿಕೊಂಡೋಳು.

ಮೊದಲು ಜಾಗದ ವಿಷಯ. ಪೆರಿನಿಯಂ ಅಂದ್ರೆ ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಇರೋ ಜಾಗ, ಮೂರು ನಾಲ್ಕು ಸೆಂಟಿಮೀಟರ್ ಇರಬಹುದು. ನಾವೆಲ್ಲ "ಕೆಳಗೆ" ಅಂತೀವಲ್ಲ, ಅದು. ಇಷ್ಟು ಚಿಕ್ಕ ಜಾಗದ ಒಳಗೆ ಎಷ್ಟೊಂದು ಸ್ನಾಯುಗಳು ಬಂದು ಗಂಟು ಹಾಕ್ಕೊಂಡಿರ್ತವೆ. ಮಗುವಿನ ತಲೆ ಹೊರಗೆ ಬರೋ ಕೊನೇ ನಿಮಿಷಗಳಲ್ಲಿ ಇದೇ ಜಾಗ ಕಾಗದದ ಥರ ತೆಳ್ಳಗಾಗಿ ಹಿಗ್ಗಬೇಕು. ಬ್ರಿಟನ್ನಿನ ಲೆಕ್ಕದಲ್ಲಿ ಯೋನಿ ಮೂಲಕ ಮೊದಲ ಸಲ ಹೆರೋ ಹತ್ತರಲ್ಲಿ ಒಂಬತ್ತು ಹೆಂಗಸರಿಗೆ ಎಷ್ಟೋ ಒಂದಷ್ಟು ಹರಿಯುತ್ತೆ, ಗೀರೋ, ಸೀಳೋ, ಇಲ್ಲಾ ದಾರಿ ಅಗಲ ಮಾಡೋಕೆ ಡಾಕ್ಟ್ರು ಕತ್ತರಿಯಿಂದ ಕೊಟ್ಟ ಕಟ್ (ಎಪಿಸಿಯಾಟಮಿ) ಅನ್ನೋದೋ. ಹತ್ತರಲ್ಲಿ ಒಂಬತ್ತು ಜನಕ್ಕೂ ಮುಕ್ಕೋಕೆ ಬರಲ್ವಾ ಹಾಗಾದ್ರೆ? ಈ ಒಂದು ಅಂಕಿ ಅವತ್ತು ನಂಗೆ ಯಾರಾದ್ರೂ ಹೇಳಿದ್ದಿದ್ರೆ!

ಹರಿಯೋದರಲ್ಲಿ ನಾಲ್ಕು ಡಿಗ್ರಿ. ಒಂದನೇದು ಬರೀ ಚರ್ಮ, ಒಳಗಿನ ತೆಳುಪದರ, ಎಷ್ಟೋ ಸಲ ಹೊಲಿಗೇನೂ ಬೇಕಾಗಲ್ಲ. ಎರಡನೇದು ಕೆಳಗಿನ ಸ್ನಾಯುವರೆಗೂ ಹೋಗುತ್ತೆ, ಹೊಲಿಗೆ ಬೇಕು, ಸಾಮಾನ್ಯವಾಗಿ ಚೆನ್ನಾಗಿ ಮಾಯುತ್ತೆ. ಮೂರನೇದು ಗುದದ್ವಾರವನ್ನ ಬಿಗಿ ಹಿಡಿಯೋ ಸ್ಫಿಂಕ್ಟರ್ ಅನ್ನೋ ಸ್ನಾಯುವಿಗೆ ತಗಲುತ್ತೆ. ಇದರಲ್ಲೇ ಮತ್ತೆ ಮೂರು ಪಾಲು, ಹೊರಗಿನ ಸ್ಫಿಂಕ್ಟರಿನ ದಪ್ಪದಲ್ಲಿ ಅರ್ಧಕ್ಕಿಂತ ಕಮ್ಮಿ ಹರಿದ್ರೆ 3ಎ, ಅರ್ಧಕ್ಕಿಂತ ಜಾಸ್ತಿ ಆದ್ರೆ 3ಬಿ, ಒಳಗಿನ ಸ್ಫಿಂಕ್ಟರೂ ಹೋದ್ರೆ 3ಸಿ. ನಾಲ್ಕನೇದರಲ್ಲಿ ಗುದನಾಳದ ಒಳಪದರವೂ ಸೀಳಿರುತ್ತೆ. ನನ್ನದು 3ಬಿ. ಅಂದ್ರೆ ಗ್ಯಾಸ್ ತಡೆಯೋ ಸ್ನಾಯು ಅರ್ಧಕ್ಕಿಂತ ಹೆಚ್ಚು ಹರಿದಿತ್ತು, ಅದನ್ನ ಹೊಲಿದಿದ್ರು, ಅದು ಮತ್ತೆ ಬಲ ಹಿಡಿಯೋಕೆ ತಿಂಗಳುಗಟ್ಟಲೆ ತಗೊಂಡಿತ್ತು. ಜನರ ಮಧ್ಯೆ ನನಗೆ ಆಗ್ತಿದ್ದದ್ದಕ್ಕೆ ಇದಕ್ಕಿಂತ ಸರಳ ಕಾರಣ ಇರೋಕೆ ಸಾಧ್ಯಾನಾ? ಒಂದು ವಾಕ್ಯ ಸಾಕಿತ್ತು.

ಆಮೇಲೆ ನಾನು ಹುಡುಕಿದ್ದು ಯಾರಿಗೆ ಇದು ಜಾಸ್ತಿ ಆಗುತ್ತೆ ಅನ್ನೋದನ್ನ. ನಿಜ ಹೇಳ್ತೀನಿ, ಹೆದರ್ಕೊಂಡೇ ಓದೋಕೆ ಕೂತೆ, ಅದರಲ್ಲಿ ಎಲ್ಲೋ ಒಂದು ಕಡೆ "ಸರಿಯಾಗಿ ಮುಕ್ಕದೇ ಇರೋದು" ಅಂತ ಇದ್ದೇ ಇರುತ್ತೆ ಅಂತ ನಂಬಿದ್ದೆ.

ಪಟ್ಟಿಯಲ್ಲಿ ಮೊದಲು ಬರೋದೇ ಮೊದಲ ಹೆರಿಗೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಅಬ್ಸ್ಟೆಟ್ರಿಷಿಯನ್ಸ್ ಅಂಡ್ ಗೈನಕಾಲಜಿಸ್ಟ್ಸ್ 2015ರಲ್ಲಿ ಹೊರತಂದ ಮಾರ್ಗಸೂಚಿಲಿ ಕೊಟ್ಟಿರೋ ಲೆಕ್ಕ ನೋಡಿ, ಮೂರನೇ ನಾಲ್ಕನೇ ಡಿಗ್ರಿ ಹರಿತ (ಹರಿದ ಗಾಯ, ಮುಂದೆ ಇದನ್ನೇ ದೊಡ್ಡ ಹರಿತ ಅಂತೀನಿ) ಎಲ್ಲ ಹೆಂಗಸರನ್ನೂ ಸೇರಿಸಿ ನೋಡಿದ್ರೆ 2.9%, ಮೊದಲ ಸಲದವರಲ್ಲಿ 6.1%, ಮುಂಚೆ ಹೆತ್ತವರಲ್ಲಿ 1.7%. ಅಂದ್ರೆ ಆ ಜಾಗ ಇನ್ನೂ ಒಂದು ಸಲವೂ ಅಷ್ಟು ಹಿಗ್ಗಿಲ್ಲ, ಅದೇ ಮೊದಲ ಕಾರಣ. ಒಂದು ಸಿಸೇರಿಯನ್ ಆದ್ಮೇಲೆ ಎರಡನೇದು ನಾರ್ಮಲ್ ಆಗೋರಿಗೂ ಇದು ಅನ್ವಯಿಸುತ್ತೆ, ಮಗು ಎರಡನೇದಾದ್ರೂ ಆ ದಾರಿಗೆ ಅದು ಮೊದಲನೇ ಸಲ ಅಲ್ವಾ. ಎಷ್ಟೋ ಜನಕ್ಕೆ ಇದು ಹೊಳೆಯೋದೇ ಇಲ್ಲ.

ಮಗು 4 ಕೆಜಿಗಿಂತ ಜಾಸ್ತಿ ಇದ್ರೆ ಅಪಾಯ ಹೆಚ್ಚು. ತಲೆ ಬಂದ್ಮೇಲೆ ಭುಜ ಸಿಕ್ಕಾಕೊಂಡ್ರೆ ಹೆಚ್ಚು. ಹೆರಿಗೆಯ ಎರಡನೇ ಹಂತ, ಅಂದ್ರೆ ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಮಗು ಬರೋ ತನಕದ ಹೊತ್ತು, ಎರಡು ಮೂರು ಗಂಟೆ ದಾಟ್ತಾ ಹೋದಂಗೆ ಅಪಾಯನೂ ಏರ್ತಾ ಹೋಗುತ್ತೆ. ಪೆರಿನಿಯಂ ಹುಟ್ಟಿನಿಂದಲೇ ಗಿಡ್ಡ ಇದ್ರೂ ಅಷ್ಟೇ.

ಮಗು ಮಲಗಿರೋ ರೀತಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ನನಗೆ ಆಗಿದ್ದು ಅದೇ. ಸಾಮಾನ್ಯವಾಗಿ ಮಗು ಗದ್ದ ಎದೆಗೆ ಒತ್ತಿಕೊಂಡು, ಹಿಂದಲೆ ಅಮ್ಮನ ಹೊಟ್ಟೆ ಕಡೆಗಿಟ್ಕೊಂಡು ಬರುತ್ತೆ, ಆಗ ದಾರಿಗೆ ಸಿಗೋ ತಲೆಯ ಅಳತೆ ಸುಮಾರು 9.5 ಸೆಂಟಿಮೀಟರ್. ಕೆಲವು ಮಕ್ಕಳು ತಿರುಗಿ, ಹಿಂದಲೆ ಅಮ್ಮನ ಬೆನ್ನಿನ ಕಡೆ, ಮುಖ ಮೇಲೆ ಮಾಡ್ಕೊಂಡು ಬರ್ತವೆ, ಗದ್ದ ಎದೆಗೆ ಪೂರ್ತಿ ಕೂರಲ್ಲ, ಆಗ ಹಾದು ಬರಬೇಕಾದ ಅಳತೆ 11.5ರ ತನಕ ಹೋಗುತ್ತೆ. ಎರಡು ಸೆಂಟಿಮೀಟರ್. ಒಂದು ಸ್ಕೇಲ್ ತಗೊಂಡು ಕಾಗದದ ಮೇಲೆ ಎರಡು ಸುತ್ತು ಬರೆದು ನೋಡಿದೆ, ಅಷ್ಟು ಹೊತ್ತಿಗೆ ಕಣ್ಣಲ್ಲಿ ನೀರು ಬಂದಿತ್ತು. ಹೆರಿಗೆ ದಿನ ಪೂರ್ತಿ ನಂಗೆ ನೋವು ಬೆನ್ನಲ್ಲೇ ಇತ್ತು, ಹೊಟ್ಟೆಲಿ ಅಲ್ಲ, ಯಾರಿಗೆ ಹೇಳಿದ್ರೂ "ಇದೆಲ್ಲ ಇರತ್ತಮ್ಮ" ಅಂತಿದ್ರು. ಫೈಲಲ್ಲಿ ಅದೂ ಬರೆದಿದೆ, ಮಗು ಮುಖ ಮೇಲೆ ಮಾಡ್ಕೊಂಡಿತ್ತು ಅಂತ. ಮೂರು ಗಂಟೆ ಹತ್ತಿರ ಮುಕ್ಕಿದೀನಿ. ತಿರುಗದೇ ಇದ್ದ ತಲೆಯನ್ನ ಮೂರು ಗಂಟೆ ಮುಕ್ಕಿ ಕೆಳಗೆ ತಂದೋಳು ನಾನು, ನಂಗೆ ಮುಕ್ಕೋಕೆ ಬರ್ಲಿಲ್ಲ ಅಂದ್ರೆ ಏನರ್ಥ?

ಕೊನೆಗೆ ಫೋರ್ಸೆಪ್ಸ್, ಅಂದ್ರೆ ಮಗುವಿನ ತಲೆ ಹಿಡಿದು ಎಳೆಯೋ ಇಕ್ಕಳ, ಹಾಕಿದ್ರು. ಇದು ಪಟ್ಟಿಯಲ್ಲಿ ತುಂಬ ಭಾರವಾದ ಅಂಶ. ಇಂಗ್ಲೆಂಡಿನ ಲಕ್ಷಗಟ್ಟಲೆ ಹೆರಿಗೆಗಳ ಲೆಕ್ಕದಲ್ಲಿ, ಕಟ್ ಕೊಡದೇ ಫೋರ್ಸೆಪ್ಸ್ ಹಾಕಿದಾಗ ದೊಡ್ಡ ಹರಿತದ ಅಪಾಯ, ಯಾವ ಸಲಕರಣೆಯೂ ಇಲ್ಲದ ಹೆರಿಗೆಗೆ ಹೋಲಿಸಿದ್ರೆ ಆರು ಪಟ್ಟಿಗಿಂತ ಹೆಚ್ಚು. ಕಟ್ ಕೊಟ್ಟು ಹಾಕಿದಾಗ ಅದೇ ಅಪಾಯ 1.3 ಪಟ್ಟಿನ ಹತ್ರ ಇಳಿಯುತ್ತೆ. ತಲೆಗೆ ಬಟ್ಟಲು ಅಂಟಿಸಿ ಎಳೆಯೋ ವ್ಯಾಕ್ಯೂಮ್ ಹಾಕಿದ್ರೆ ಫೋರ್ಸೆಪ್ಸಿನಷ್ಟು ಇಲ್ಲ. ಇದನ್ನ ಓದಿ ಫೋರ್ಸೆಪ್ಸ್ ಹಾಕಿದ ಡಾಕ್ಟ್ರ ಮೇಲೆ ನನಗೆ ಸಿಟ್ಟು ಬರ್ಲಿಲ್ಲ. ಮಗುವಿನ ಹಾರ್ಟ್‌ಬೀಟ್ ಬೀಳ್ತಾ ಇತ್ತು, ಅದನ್ನ ನನ್ನ ಕಿವಿಯಾರೆ ಕೇಳಿದೀನಿ, ಆ ಬಡಿತ ನಿಧಾನ ಆಗೋ ಸದ್ದು ಯಾವ ತಾಯಿಯೂ ಮರೆಯಲ್ಲ. ಅವರು ನನ್ನ ಮಗೂನ ಉಳಿಸಿದ್ರು, ಆಮೇಲೆ ಹರಿದಿದ್ದನ್ನ ಗುರುತಿಸಿ, ಥಿಯೇಟರಿಗೆ ಕರ್ಕೊಂಡು ಹೋಗಿ ನೀಟಾಗಿ ಹೊಲಿದ್ರು. ನನ್ನ ನೋವು ಅದರ ನಂತರದ್ದು, ಮಾತಾಡದೇ ಬಿಟ್ಟಿದ್ದು.

ಕಟ್ ವಿಷಯ ಬಂದಿದ್ದಕ್ಕೆ ಇನ್ನೊಂದಷ್ಟು ಹೇಳ್ತೀನಿ, ಯಾಕಂದ್ರೆ ಇದರಲ್ಲಿ ಎಲ್ಲರಿಗೂ ಗೊಂದಲ ಇದೆ, ನನಗೂ ಇತ್ತು. ಹರಿಯೋ ಬದಲು ನಾವೇ ಕತ್ತರಿಸಿದ್ರೆ ನೆಟ್ಟಗೆ ಮಾಯುತ್ತೆ ಅನ್ನೋ ಯೋಚನೆ ತುಂಬ ಹಳೇದು. ಡಬ್ಲಿನ್‌ನ ಫೀಲ್ಡಿಂಗ್ ಔಲ್ಡ್ ಅನ್ನೋ ವೈದ್ಯ 1742ರಲ್ಲೇ ಇದನ್ನ ಬರೆದಿದಾನೆ, ಆದ್ರೆ ಕಷ್ಟದ ಹೆರಿಗೆಗೆ ಮಾತ್ರ. 1920ರಲ್ಲಿ ಅಮೆರಿಕದ ಜೋಸೆಫ್ ಡಿಲೀ ಮೊದಲ ಹೆರಿಗೆಗಳಲ್ಲಿ ಮುನ್ನೆಚ್ಚರಿಕೆಯಾಗಿ ಕಟ್ ಕೊಟ್ಟು ಫೋರ್ಸೆಪ್ಸ್ ಹಾಕೋದನ್ನ ಪ್ರತಿಪಾದಿಸಿದ ಮೇಲೆ ಅದು ಹರಡ್ತಾ ಹೋಗಿ, ಎಷ್ಟೋ ಕಡೆ ಕಟ್ ಅನ್ನೋದು ಕೇಳದೇ ಮಾಡೋ ರೂಢಿ ಆಗಿಬಿಡ್ತು. ಅದು ನಿಜವಾಗ್ಲೂ ಕಾಪಾಡುತ್ತಾ ಅಂತ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿ ನೋಡಿದವರಲ್ಲಿ ಅರ್ಜೆಂಟಿನಾದವರು ಮುಖ್ಯರು. 1993ರಲ್ಲಿ ಪ್ರಕಟ ಆದ ಆ ಅಧ್ಯಯನದಲ್ಲಿ 2606 ಹೆಂಗಸರು. ಒಂದು ಗುಂಪಿಗೆ ಎಂದಿನಂತೆ ಕಟ್, ಇನ್ನೊಂದು ಗುಂಪಿಗೆ ಅಗತ್ಯ ಬಿದ್ರೆ ಮಾತ್ರ. ದೊಡ್ಡ ಹರಿತ ಎಂದಿನಂತೆ ಕಟ್ ಕೊಟ್ಟವರಲ್ಲಿ 1.5%, ಅಗತ್ಯಕ್ಕೆ ಮಾತ್ರ ಕೊಟ್ಟವರಲ್ಲಿ 1.2%. ಅಂದ್ರೆ ಎಲ್ಲರಿಗೂ ಕಟ್ ಕೊಟ್ಟಿದ್ದರಿಂದ ಏನೂ ಕಾಪಾಡಿದಂಗಾಗ್ಲಿಲ್ಲ, ಸುಮ್ನೆ ನೂರಾರು ಜನಕ್ಕೆ ಬೇಡದ ಗಾಯ ಆಯ್ತು. ಆಮೇಲಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗಲೂ ಅಗತ್ಯಕ್ಕೆ ಮಾತ್ರ ಕಟ್ ಕೊಡೋ ಕಡೆನೇ ದೊಡ್ಡ ಹರಿತ ಕಮ್ಮಿ ಅಂತಲೇ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, ತಾನಾಗೇ ಆಗೋ ಹೆರಿಗೆಲಿ ರೂಢಿ ಅಂತ ಎಲ್ಲರಿಗೂ ಕಟ್ ಕೊಡೋದು ಬೇಡ ಅಂತ ನೇರವಾಗಿ ಹೇಳಿದೆ.

ಕಟ್ ಕೊಡಲೇಬೇಕಾಗಿ ಬಂದಾಗ ಅದರ ಕೋನ ಮುಖ್ಯ. ನೇರವಾಗಿ ಕೆಳಗೆ, ಗುದದ್ವಾರದ ಕಡೆಗೇ ಕತ್ತರಿಸಿದ್ರೆ ಅದು ಮುಂದುವರಿದು ಸ್ಫಿಂಕ್ಟರಿಗೇ ಹೋಗೋ ಸಾಧ್ಯತೆ ಹೆಚ್ಚು, ಬಟ್ಟೆಗೆ ಕತ್ತರಿ ತಾಗಿಸಿ ಎಳೆದ್ರೆ ಅದೇ ಗೆರೆಲಿ ಪರ್ರ್ ಅಂತ ಹೋಗಲ್ವಾ, ಹಾಗೆ. ಪಕ್ಕಕ್ಕೆ ಓರೆಯಾಗಿ, ತಲೆ ಬಂದು ಆ ಜಾಗ ಬಿಗಿದಿರೋವಾಗ 60 ಡಿಗ್ರಿ ಕೋನದಲ್ಲಿ ಕೊಡ್ಬೇಕು ಅಂತ ಮಾರ್ಗಸೂಚಿ ಹೇಳುತ್ತೆ. ಮಗು ಬಂದ್ಮೇಲೆ ಚರ್ಮ ಸಡಿಲ ಆಗಿ ಅದೇ ಕಟ್ 45 ಡಿಗ್ರಿ ಹತ್ರ ಕಾಣಿಸುತ್ತೆ. ನಡುಗೆರೆಯಿಂದ ಪ್ರತಿ 6 ಡಿಗ್ರಿ ದೂರ ಸರಿದಂಗೆ ಮೂರನೇ ಡಿಗ್ರಿ ಹರಿತದ ಅಪಾಯ ಅರ್ಧರ್ಧ ಇಳಿಯುತ್ತೆ ಅಂತ ಒಂದು ಅಧ್ಯಯನ ತೋರಿಸಿದೆ. 6 ಡಿಗ್ರಿ ಅಂದ್ರೆ ಗಡಿಯಾರದಲ್ಲಿ ಒಂದು ನಿಮಿಷದ ಗೆರೆಯಿಂದ ಇನ್ನೊಂದಕ್ಕೆ ಇರೋ ಅಂತರ. ಅಷ್ಟರಲ್ಲಿ ಒಬ್ಬ ಹೆಂಗಸಿನ ಮುಂದಿನ ಬದುಕು ಬೇರೆ ಆಗಬಹುದು.

ಪಟ್ಟಿಯಲ್ಲಿ ಏಷ್ಯಾ ಮೂಲದ ಹೆಂಗಸರು ಅಂತ ಕೂಡ ಒಂದು ಸಾಲಿದೆ, ಅವರಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಂತ. ಅದನ್ನ ಓದಿದ ಕೂಡಲೇ ನಮ್ಮ ಮೈಯೇ ಹಾಗೆ ಅಂದ್ಕೊಂಡುಬಿಡೋದು ಸುಲಭ. ಆದ್ರೆ ಆ ಲೆಕ್ಕ ಬಂದಿರೋದು ಪಶ್ಚಿಮದ ದೇಶಗಳಲ್ಲಿ ಹೆತ್ತ ಏಷ್ಯನ್ ಹೆಂಗಸರಿಂದ, ಏಷ್ಯಾದ ದೇಶಗಳಲ್ಲೇ ಹೆರೋರಲ್ಲಿ ಆ ಹೆಚ್ಚಳ ಕಾಣಿಸಿಲ್ಲ ಅಂತ ಅಧ್ಯಯನಗಳನ್ನ ಒಟ್ಟಿಗೆ ನೋಡಿದವರು ಹೇಳಿದಾರೆ. ಬರೀ ಮೈಕಟ್ಟೇ ಕಾರಣ ಆಗಿದ್ದಿದ್ರೆ ಎಲ್ಲಿ ಹೆತ್ರೂ ಒಂದೇ ಆಗ್ಬೇಕಿತ್ತಲ್ವಾ? ಭಾಷೆ ಗೊತ್ತಿಲ್ಲದ ರೂಮಲ್ಲಿ ನಿಧಾನ ಅಂದ್ರೆ ನಿಧಾನ ಅಂತ ಕೇಳಿಸುತ್ತಾ, ಮಲಗಿಸಿರೋ ಭಂಗಿ ಯಾವುದು, ಇದೆಲ್ಲ ನನ್ನ ತಲೆಲಿ ಓಡ್ತಾನೇ ಇದೆ.

ಪಟ್ಟಿ ಪೂರ್ತಿ ಓದಿದೆ, ಎರಡೆರಡು ಸಲ. ಮೊದಲ ಹೆರಿಗೆ, ಮಗುವಿನ ತೂಕ, ತಲೆಯ ದಿಕ್ಕು, ಭುಜ, ಹೊತ್ತು, ಸಲಕರಣೆ, ಕೋನ. "ತಾಯಿಗೆ ಮುಕ್ಕೋಕೆ ಬರದೇ ಇರೋದು" ಅನ್ನೋದು ಎಲ್ಲೂ ಇಲ್ಲ. ಹೇಳಿಕೊಟ್ಟು ಮುಕ್ಕಿಸೋದು, ಅವಳಷ್ಟಕ್ಕೆ ಅವಳು ಮುಕ್ಕೋದು, ಇವೆರಡನ್ನೂ ಹೋಲಿಸಿ ನೋಡಿದಾರೆ, ಹರಿಯೋದರಲ್ಲಿ ಸ್ಪಷ್ಟವಾದ ವ್ಯತ್ಯಾಸ ಸಿಕ್ಕಿಲ್ಲ.

ಇನ್ನೊಂದು ವಿಷಯ ನಂಗೆ ತುಂಬ ತಟ್ಟಿತು. ಈ ಪಟ್ಟಿ ಹಿಡ್ಕೊಂಡು ಯಾರಿಗೆ ಹರಿಯುತ್ತೆ ಅಂತ ಮುಂಚೆನೇ ಹೇಳೋಕೆ ಆಗಲ್ಲ. ಎಲ್ಲ ಅಪಾಯ ಇದ್ದೋಳಿಗೆ ಏನೂ ಆಗದೇ ಇರಬಹುದು, ಒಂದೂ ಇಲ್ಲದೋಳಿಗೆ ಆಗಬಹುದು. ಹಾಗಂದ್ಮೇಲೆ ಈ ಪಟ್ಟಿಯನ್ನ ಬಸುರಿಯ ಕೈಗೆ ಕೊಟ್ಟು "ನೋಡ್ಕೋ" ಅಂದ್ರೆ ಏನು ಪ್ರಯೋಜನ? ಅವಳು ಮಗುವಿನ ತಲೆಯ ದಿಕ್ಕು ಬದಲಾಯಿಸ್ತಾಳಾ, ತೂಕ ಇಳಿಸ್ತಾಳಾ? ಬದಲಾಯಿಸೋಕೆ ಆಗೋ ಅಂಶಗಳು ಯಾವುವು ಅಂತ ಬೇರೆ ಮಾಡಿ ನೋಡಿದ್ರೆ, ಹೆಚ್ಚಿನವು ಆ ರೂಮಲ್ಲಿ ಅವಳ ಕಾಲ ಬಳಿ ನಿಂತಿರೋರ ಕೈಲಿವೆ. ಆ ಕೊನೇ ನಿಮಿಷಗಳಲ್ಲಿ ತಲೆ ಎಷ್ಟು ಬೇಗ ಬರುತ್ತೆ, ಯಾರು ತಡೆದು ಹಿಡೀತಾರೆ, ಕಟ್ ಕೊಡ್ತಾರಾ, ಕೊಟ್ರೆ ಎತ್ತ ಕಡೆ ಕೊಡ್ತಾರೆ.

ಇದಕ್ಕೆ ನಾರ್ವೆ ಒಳ್ಳೆ ಉದಾಹರಣೆ. ಅಲ್ಲಿ 2004ರಲ್ಲಿ ದೊಡ್ಡ ಹರಿತ ಸುಮಾರು 4% ಇತ್ತು, ಪಕ್ಕದ ಫಿನ್‌ಲ್ಯಾಂಡ್‌ನಲ್ಲಿ ಅದಕ್ಕಿಂತ ತುಂಬ ಕಮ್ಮಿ. ಅವರು ಏನು ಮಾಡ್ತಾರೆ ಅಂತ ಹೋಗಿ ನೋಡಿ ಕಲಿತ್ರು. ದೊಡ್ಡ ಮೆಷಿನ್ ಏನೂ ಅಲ್ಲ. ಒಂದು ಕೈಯಿಂದ ಮಗುವಿನ ತಲೆ ದಿಢೀರ್ ಅಂತ ಬರದ ಹಾಗೆ ಹಿಡಿಯೋದು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳಿಂದ ಪೆರಿನಿಯಂ ಎರಡೂ ಬದಿ ಹಿಡಿದು ಒಳಮುಖವಾಗಿ ಆಸರೆ ಕೊಡೋದು, ತಾಯಿ ಜೊತೆ ಮಾತಾಡ್ತಾ "ಈಗ ಮುಕ್ಕಬೇಡಿ, ಉಸಿರು ಬಿಡಿ" ಅನ್ನೋದು, ಕಟ್ ಬೇಕೇಬೇಕು ಅಂದ್ರೆ ಓರೆಗೆ ಕೊಡೋದು. ಇಷ್ಟನ್ನ ಆಸ್ಪತ್ರೆ ಆಸ್ಪತ್ರೆಗೂ ಕಲಿಸಿದ್ರು, 2010ರ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತು. ಆರು ವರ್ಷದಲ್ಲಿ ಅಲ್ಲಿನ ಹೆಂಗಸರೆಲ್ಲ ಸರಿಯಾಗಿ ಮುಕ್ಕೋದು ಕಲಿತುಬಿಟ್ರಾ? ಬದಲಾಗಿದ್ದು ಹಿಡಿಯೋ ಕೈ.

ಬಿಸಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯನ್ನ ತಲೆ ಒತ್ತೋ ಹೊತ್ತಲ್ಲಿ ಪೆರಿನಿಯಂ ಮೇಲೆ ಇಡೋದಕ್ಕೂ ಒಳ್ಳೆ ಆಧಾರ ಇದೆ. ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಮೂರನೇ ನಾಲ್ಕನೇ ಡಿಗ್ರಿ ಹರಿತ ಅರ್ಧದಷ್ಟು ಕಮ್ಮಿ ಆಗಿರೋದು ಕಂಡಿದೆ. ಒಂದು ಬಟ್ಟೆ, ಒಂದು ಪಾತ್ರೆ ಬಿಸಿನೀರು. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಲ್ಲೂ ಇದಿದೆ, ಮಸಾಜ್ ಮತ್ತು ಕೈ ಆಸರೆ ಜೊತೆಗೆ. ಅದೇ ದಾಖಲೆ ಇನ್ನೊಂದನ್ನೂ ಹೇಳುತ್ತೆ, ಹೊಟ್ಟೆ ಮೇಲಿಂದ ಒತ್ತಿ ಮಗೂನ ಕೆಳಗೆ ತಳ್ಳೋದು ಬೇಡ ಅಂತ. ನನ್ನ ಹೊಟ್ಟೆ ಒತ್ತಿದ್ರು, ಮೊಣಕೈಯಿಂದ. ಪಕ್ಕೆಲುಬು ಎರಡು ವಾರ ನೋಯ್ತಿತ್ತು.

ನಾವೇ ಮಾಡ್ಕೊಳ್ಳೋ ಅಂಥದ್ದು ಏನೂ ಇಲ್ವಾ ಅಂತ ಕೇಳಿದ್ರೆ, ಸ್ವಲ್ಪ ಇದೆ. 34, 35 ವಾರದಿಂದ ವಾರಕ್ಕೆ ಒಂದೆರಡು ಸಲ ಪೆರಿನಿಯಂ ಮಸಾಜ್ ಮಾಡ್ಕೊಂಡ್ರೆ ಮೊದಲ ಸಲದವರಲ್ಲಿ ಹೊಲಿಗೆ ಬೇಕಾಗೋ ಗಾಯ ಸ್ವಲ್ಪ ಕಮ್ಮಿ ಆಗುತ್ತೆ, ಮುಖ್ಯವಾಗಿ ಕಟ್ ಬೀಳೋದು ಕಮ್ಮಿ. ನನ್ನ ಥರ ಆಗ್ಲೇ ಒಂದು ಹೆತ್ತವರಲ್ಲಿ ಹರಿಯೋದು ಕಮ್ಮಿ ಆಗಿದ್ದು ಕಂಡಿಲ್ಲ, ಆದ್ರೆ ಹೆರಿಗೆಯಾಗಿ ಮೂರು ತಿಂಗಳ ಮೇಲಿನ ನೋವು ಕಮ್ಮಿ ಇತ್ತಂತೆ. ನಂಗೆ ಅಷ್ಟೇ ಸಾಕು, ಮಾಡ್ಕೋತೀನಿ. ಮಾಡ್ಕೊಳ್ಳೋಕೆ ಆಗದವರು ಹರಿದ್ಮೇಲೆ "ಅಯ್ಯೋ ಮಸಾಜ್ ಮಾಡ್ಕೋಬೇಕಿತ್ತು" ಅಂತ ಕೊರಗಬೇಡಿ ದಯವಿಟ್ಟು, ದೊಡ್ಡ ಹರಿತವನ್ನ ಅದು ತಡೆಯುತ್ತೆ ಅಂತ ಆ ಅಧ್ಯಯನಗಳಲ್ಲಿ ಬಂದಿಲ್ಲ.

ಹರಿದ ಮೇಲಿನ ಮಾತು ಹರಿಯೋ ಮುಂಚಿನದ್ದಕ್ಕಿಂತ ಕಮ್ಮಿ ಏನಲ್ಲ. ಮಗು ಆದ ಕೂಡಲೇ ಪ್ರತಿಯೊಬ್ಬರಿಗೂ, ಹೊರಗಿಂದ ಏನೂ ಕಾಣದಿದ್ರೂ, ಗುದದ್ವಾರದ ಒಳಗೆ ಬೆರಳಿಟ್ಟು ಸ್ಫಿಂಕ್ಟರ್ ಸರಿಯಾಗಿದ್ಯಾ ಅಂತ ನೋಡ್ಬೇಕು. ಕೇಳೋಕೆ ಮುಜುಗರ ಅನ್ಸುತ್ತೆ, ಆದ್ರೆ ಅಲ್ಲೇ ಎಷ್ಟೋ ಹರಿತ ತಪ್ಪಿಹೋಗೋದು. 1993ರಲ್ಲೇ ಲಂಡನ್ನಿನಲ್ಲಿ ಹೆರಿಗೆಯಾದ ಹೆಂಗಸರಿಗೆ ಒಳಗಿಂದ ಅಲ್ಟ್ರಾಸೌಂಡ್ ಮಾಡಿ ನೋಡಿದಾಗ ಮೊದಲ ಸಲ ಹೆತ್ತವರಲ್ಲಿ 35% ಜನಕ್ಕೆ ಸ್ಫಿಂಕ್ಟರಿನಲ್ಲಿ ದೋಷ ಕಂಡಿತ್ತು, ಹೆರಿಗೆ ಹೊತ್ತಲ್ಲಿ ಗುರುತು ಸಿಕ್ಕಿದ್ದು ಅದರಲ್ಲಿ ತುಂಬ ಕೆಲವೇ. ಇಂಗ್ಲೆಂಡಿನಲ್ಲಿ 2000ದಿಂದ 2012ರ ಒಳಗೆ ಮೊದಲ ಹೆರಿಗೆಯವರಲ್ಲಿ ದಾಖಲಾದ ದೊಡ್ಡ ಹರಿತ 1.8%ನಿಂದ 5.9%ಗೆ ಏರಿದೆ, ಅದಕ್ಕೆ ಸರಿಯಾಗಿ ನೋಡೋಕೆ ಶುರು ಮಾಡಿದ್ದು ಒಂದು ಕಾರಣ ಅಂತಾರೆ. ಅಂದ್ರೆ ಮುಂಚೆ ಹರೀತಿರ್ಲಿಲ್ಲ ಅಂತಲ್ಲ, ಯಾರೂ ಹೆಸರಿಟ್ಟು ಬರೀತಿರ್ಲಿಲ್ಲ. ಆ ಹೆಂಗಸರೆಲ್ಲ ಮನೆಗೆ ಹೋಗಿ ಏನು ಅಂದ್ಕೊಂಡಿರ್ತಾರೆ ಅಂತ ನಂಗೆ ಗೊತ್ತು.

ಸರಿಯಾಗಿ ಹೊಲಿದ್ರೆ ಒಳ್ಳೇದಾಗುತ್ತೆ, ಇದನ್ನ ಹೆದರಿರೋ ಯಾರಾದ್ರೂ ಓದ್ತಿದ್ರೆ ಅವರಿಗೋಸ್ಕರ ಹೇಳ್ತಿದೀನಿ. ಸ್ಫಿಂಕ್ಟರ್ ಹೊಲಿಸಿಕೊಂಡವರಲ್ಲಿ 60ರಿಂದ 80% ಜನಕ್ಕೆ ಒಂದು ವರ್ಷದಲ್ಲಿ ಯಾವ ತೊಂದರೆಯೂ ಉಳಿಯಲ್ಲ. ಮಲ ಗಟ್ಟಿಯಾಗದ ಹಾಗೆ ಔಷಧಿ, ಆಂಟಿಬಯಾಟಿಕ್, ಪೆಲ್ವಿಕ್ ಫ್ಲೋರ್ (ಸೊಂಟದ ತಳದ ಸ್ನಾಯುಗಳ) ವ್ಯಾಯಾಮ ಹೇಳಿಕೊಡೋ ಫಿಸಿಯೋ, ಆರರಿಂದ ಹನ್ನೆರಡು ವಾರದ ಒಳಗೆ ಮತ್ತೆ ತೋರಿಸೋದು, ಇದು ಆಗ್ಬೇಕಾದ್ದು. ನಂಗೆ ಮೊದಲೆರಡು ಸಿಕ್ತು. ಮಾತ್ರೆ ಯಾಕೆ ಅಂತ ಗೊತ್ತಿರ್ಲಿಲ್ಲ, ಅದಕ್ಕೇ ಎರಡನೇ ವಾರಕ್ಕೇ ನಿಲ್ಲಿಸಿದ್ದೆ. ಫಿಸಿಯೋ ಅಂತ ಒಬ್ರು ಇರ್ತಾರೆ ಅನ್ನೋದೇ ಗೊತ್ತಾಗಿದ್ದು ಈಗ.

ಮೊನ್ನೆ ಡಾಕ್ಟ್ರು ಪೂರ್ತಿ ಅರ್ಧ ಗಂಟೆ ಕೊಟ್ರು. ಪರೀಕ್ಷೆ ಮಾಡಿದ್ರು, ಬಿಗಿ ಹಿಡೀರಿ, ಬಿಡಿ ಅಂದ್ರು, ಈಗ ಗ್ಯಾಸ್ ತಡೆಯೋಕಾಗುತ್ತಾ, ಅವಸರ ಬಂದ್ರೆ ಎಷ್ಟು ಹೊತ್ತು ತಡೀಬಲ್ಲಿರಿ, ಒಳ ಉಡುಪಿಗೆ ಏನಾದ್ರೂ ಆಗುತ್ತಾ ಅಂತ ಒಂದೊಂದೇ ಕೇಳಿದ್ರು, ಇಂಥ ಪ್ರಶ್ನೆನೂ ಕೇಳಬಹುದು ಅಂತಲೇ ನಂಗೆ ಗೊತ್ತಿರ್ಲಿಲ್ಲ. ಅಲ್ಟ್ರಾಸೌಂಡಲ್ಲೂ ಸ್ನಾಯು ಚೆನ್ನಾಗಿ ಕೂಡಿಕೊಂಡಿದೆ ಅಂದ್ರು. ಮತ್ತೆ ಹಾಗೇ ಆಗೋ ಸಾಧ್ಯತೆ 5ರಿಂದ 7%, ತೊಂದರೆ ಉಳಿದಿದ್ದಿದ್ರೆ ಸಿಸೇರಿಯನ್ ಬಗ್ಗೆ ಮಾತಾಡ್ತಿದ್ವಿ, ನಿಮಗೆ ಈಗ ಎರಡೂ ದಾರಿ ಇದೆ, ಯೋಚನೆ ಮಾಡಿ ಹೇಳಿ, ಅವಸರ ಇಲ್ಲ ಅಂದ್ರು. ನಾನು ಯೋಚನೆ ಮಾಡಿದೆ. ನಾರ್ಮಲ್ಲೇ ಪ್ರಯತ್ನ ಮಾಡ್ತೀನಿ ಅಂತ ತೀರ್ಮಾನಿಸಿದೀನಿ, ಇನ್ನೊಬ್ಬರು ಇದೇ ಜಾಗದಲ್ಲಿ ಸಿಸೇರಿಯನ್ ಅಂತ ತೀರ್ಮಾನಿಸಿದ್ರೆ ಅದೂ ಅಷ್ಟೇ ಸರಿ. ನನ್ನ ಫೈಲಿನ ಮೊದಲ ಪುಟದಲ್ಲಿ ಅವರು ಕೆಂಪು ಇಂಕಲ್ಲಿ ಬರೆದ್ರು, ಹಿಂದಿನ ಹೆರಿಗೆ 3ಬಿ, ರಿಪೇರಿ ಆಗಿದೆ, ಬಿಸಿ ಬಟ್ಟೆ, ಕೈ ಆಸರೆ, ತಲೆ ನಿಧಾನ. ಯಾರ ಡ್ಯೂಟಿ ಇದ್ರೂ ಮೊದಲು ಕಾಣೋ ಹಾಗೆ.

ಆವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಓದಿ ಹೇಳಿದೆ. ಮಗುವಿನ ತಲೆ ಹೇಗಿತ್ತು, ಫೋರ್ಸೆಪ್ಸ್ ಅಂದ್ರೇನು, 3ಬಿ ಅಂದ್ರೇನು, ಮೂರು ತಿಂಗಳು ನಂಗೆ ಏನಾಗ್ತಿತ್ತು ಅನ್ನೋದನ್ನೂ ಹೇಳಿದೆ, ಮೊದಲನೇ ಸಲ. ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ಲೈನ್ ಕಟ್ ಆಯ್ತೇನೋ ಅಂದ್ಕೊಂಡೆ.

ನಮ್ಮಮ್ಮ ಎಲ್ಲಿಗೆ ಹೋದ್ರೂ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ನೋಡ್ಕೊಳ್ಳೋಳು. ದೂರದ ಬಸ್ ಅಂದ್ರೆ ಬರಲ್ಲ ಅನ್ನೋಳು. ಹಿಂದಿನ ದಿನದಿಂದ ಊಟ ಬಿಡೋಳು. ಅವಳ ಸ್ವಭಾವನೇ ಹಾಗೆ ಅಂತ ನಾವು ಮಕ್ಕಳೆಲ್ಲ ಅಂದ್ಕೊಂಡೇ ಬೆಳೆದ್ವಿ.

"ನಿನ್ನ ಹೆತ್ತಾಗಿಂದ ಕಣೇ," ಅಂದ್ಲು. "ಇದಕ್ಕೂ ಡಾಕ್ಟ್ರು ಇರ್ತಾರಾ?"

"ಇರ್ತಾರಮ್ಮ" ಅಂದೆ. ಈಗಲೂ ಮಾಡೋಕೆ ಏನಾದ್ರೂ ಇರುತ್ತೆ, ವ್ಯಾಯಾಮ ಇದೆ, ಔಷಧಿ ಇದೆ, ಎಲ್ಲ ನೋಡಿ ಹೇಳ್ತಾರೆ ಅಂದೆ.

ಸೋಮವಾರ ನನ್ನ ಚೆಕಪ್ ಇದೆ. ಈ ಸಲ ಎರಡು ಹೆಸರಿಗೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ.